ಆರನೆಯ ಮೆಟ್ಟಿಲಿನ ಬಿಳಿ ಕಣಗಳು

1960ರ ದಶಕದ ಕೊನೆಯ ವರ್ಷಗಳು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಆಸ್ಪತ್ರೆಗೆ ಒಂದೇ ಬಗೆಯ ದೂರು ಹೊತ್ತ ರೋಗಿಗಳು ಒಬ್ಬರ ಹಿಂದೊಬ್ಬರು ಬರತೊಡಗಿದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ತುಸು ವೇಗವಾಗಿ ನಡೆದರೆ ಕಣ್ಣುಕತ್ತಲೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಶ್ವಾಸಕೋಶದಲ್ಲಿ ಕ್ಷಯವಿಲ್ಲ, ದಮ್ಮಿಲ್ಲ. ತೋಳಿಗೆ ಪಟ್ಟಿ ಸುತ್ತಿ ಅಳೆದರೆ ರಕ್ತದೊತ್ತಡವೂ ಸರಿಯಾಗಿಯೇ ಇದೆ. ಆದರೆ ರಕ್ತನಾಳದ ಮೂಲಕ ಸಣ್ಣ ಕೊಳವೆಯೊಂದನ್ನು ಹೃದಯದ ಬಲಭಾಗಕ್ಕೆ ಇಳಿಸಿ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಒತ್ತಡ ಅಳೆದಾಗ ವೈದ್ಯರು ಬೆಚ್ಚಿದರು. ಅಲ್ಲಿ ಒತ್ತಡ ಇರಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

ಈ ಕಾಯಿಲೆ ಹೊಸದೇನಲ್ಲ, ಆದರೆ ಬಹಳ ಅಪರೂಪದ್ದು. ಅಂಥದ್ದು ಬರ್ನ್ ಆಸ್ಪತ್ರೆಯಲ್ಲಿ ಹಿಂದಿನ ವರ್ಷಗಳಿಗಿಂತ ಸುಮಾರು 20 ಪಟ್ಟು ಹೆಚ್ಚಾಗಿತ್ತು. ಎಚ್. ಪಿ. ಗುರ್ಟ್ನರ್ ಮತ್ತು ಅವರ ಸಂಗಡಿಗರು ರೋಗಿಗಳ ಹಿನ್ನೆಲೆ ಕೆದಕುತ್ತ ಹೋದಂತೆ ಒಂದು ಮಾತ್ರೆಯ ಹೆಸರು ಮತ್ತೆ ಮತ್ತೆ ಕೇಳಿಬಂತು: ಮೆನೊಸಿಲ್. ಅದರೊಳಗಿದ್ದ ಔಷಧ ಅಮಿನೊರೆಕ್ಸ್. ಹಸಿವು ಅಡಗಿಸಿ ಮೈತೂಕ ಇಳಿಸುವ ಈ ಮಾತ್ರೆ 1965ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಅಂಗಡಿಗಳಿಗೆ ಬಂದಿತ್ತು. ಜರ್ಮನಿ, ಆಸ್ಟ್ರಿಯಾಗಳಲ್ಲೂ ಮಾರಾಟವಾಯಿತು. ಕಾಯಿಲೆ ಹೆಚ್ಚಿದ್ದೂ ಈ ಮೂರು ದೇಶಗಳಲ್ಲೇ. 1968ರ ಅಕ್ಟೋಬರಿನಲ್ಲಿ ಮಾತ್ರೆಯನ್ನು ಹಿಂತೆಗೆದುಕೊಂಡರು. ಅದನ್ನು ನುಂಗಿದವರಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಈ ರೋಗ ತಗುಲಿತೆಂದು ಅಂದಾಜು. ಮಾತ್ರೆ ಬಿಟ್ಟ ಮೇಲೆ ಕೆಲವರು ಚೇತರಿಸಿಕೊಂಡರು. ಇನ್ನು ಕೆಲವರ ರೋಗ ಮಾತ್ರೆ ನಿಂತರೂ ನಿಲ್ಲಲಿಲ್ಲ, ಅನೇಕರು ತೀರಿಕೊಂಡರು.

ಇಲ್ಲಿ ಎರಡು ಪ್ರಶ್ನೆಗಳಿವೆ. ಒಂದೇ ಮಾತ್ರೆ ನುಂಗಿದ ನೂರು ಜನರಲ್ಲಿ ಇಬ್ಬರಿಗೇ ಏಕೆ? ಮಾತ್ರೆ ದೇಹದಿಂದ ಹೊರಹೋದ ಮೇಲೂ ರೋಗ ಏಕೆ ಬೆಳೆಯುತ್ತದೆ? ಇವಕ್ಕೆ ಉತ್ತರ ಹುಡುಕುತ್ತ ಹೋದವರು ಬಹಳ ತಡವಾಗಿ ಬಂದು ನಿಂತದ್ದು ನಮ್ಮ ಬಿಳಿ ರಕ್ತಕಣಗಳ ಎದುರು. ಅವು ಅಷ್ಟು ದಿನ ಎಲ್ಲೋ ಅಡಗಿರಲಿಲ್ಲ. ಸೂಕ್ಷ್ಮದರ್ಶಕದಡಿ ಮೊದಲಿನಿಂದಲೂ ಕಾಣುತ್ತಲೇ ಇದ್ದವು.

*

ನಮ್ಮ ಹೃದಯ ಒಂದೇ ಆದರೂ ಅದರೊಳಗೆ ಎರಡು ಪಂಪುಗಳಿವೆ. ಎಡಗಡೆಯದು ತಲೆಯಿಂದ ಕಾಲ್ಬೆರಳವರೆಗೆ ಇಡೀ ಮೈಗೆ ರಕ್ತ ದೂಡಬೇಕು. ಅದಕ್ಕೆ ದಪ್ಪ ಗೋಡೆ, ಹೆಚ್ಚು ಬಲ. ಬಲಗಡೆಯದಕ್ಕೆ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ಕಳಿಸುವ ಕೆಲಸ. ಅಲ್ಲಿನ ನಾಳಗಳು ಮೆತ್ತಗೆ, ಅಗಲ. ಹಾಗಾಗಿ ಆ ಅಪಧಮನಿಯಲ್ಲಿ ಸರಾಸರಿ ಒತ್ತಡ ಪಾದರಸದ ಸುಮಾರು 14 ಮಿಲಿಮೀಟರ್ ಇದ್ದರೆ ಸಾಕು. ಶ್ವಾಸಕೋಶದ ಕಿರುನಾಳಗಳು ದಪ್ಪವಾಗಿ, ಒಳಗಿನ ದಾರಿ ಕಿರಿದಾದರೆ ಬಲಗಡೆಯ ಪಂಪು ತನ್ನ ಶಕ್ತಿಗೆ ಮೀರಿ ದೂಡಬೇಕಾಗುತ್ತದೆ. ಮೊದಮೊದಲು ಗೋಡೆ ದಪ್ಪ ಮಾಡಿಕೊಂಡು ದೂಡುತ್ತದೆ. ಕಡೆಗೊಂದು ದಿನ ಸೋಲುತ್ತದೆ. ಈ ರೋಗದಲ್ಲಿ ಜೀವ ಹೋಗುವುದು ಹೆಚ್ಚಾಗಿ ಹೀಗೆ.

ತೋಳಿನಲ್ಲಿ ಕಾಣದ ಈ ಒತ್ತಡದ ಬಗ್ಗೆ ತಿಳಿಯಲು ವೈದ್ಯಲೋಕಕ್ಕೆ ಬಹಳ ಕಾಲ ಬೇಕಾಯಿತು. ಜರ್ಮನಿಯ ಅರ್ನ್ಸ್ಟ್ ಫಾನ್ ರೊಂಬರ್ಗ್ 1891ರಲ್ಲಿ ಶವಪರೀಕ್ಷೆಯೊಂದರಲ್ಲಿ ಶ್ವಾಸಕೋಶದ ಅಪಧಮನಿಗಳು ಗಡುಸಾಗಿದ್ದನ್ನು ಕಂಡು ವರ್ಣಿಸಿದ, ಕಾರಣ ಹೊಳೆಯಲಿಲ್ಲ. 1929ರಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವ ವೈದ್ಯ ತನ್ನದೇ ತೋಳಿನ ನಾಳದಿಂದ ಹೃದಯದವರೆಗೆ ಕೊಳವೆ ತೂರಿಸಿಕೊಂಡು, ಹಾಗೆಯೇ ನಡೆದು ಹೋಗಿ ಎಕ್ಸ್‌ರೇ ತೆಗೆಸಿಕೊಂಡ. ಆ ದುಸ್ಸಾಹಸವನ್ನು ಕೂರ್ನಾಂಡ್ ಮತ್ತು ರಿಚರ್ಡ್ಸ್ ಅಮೆರಿಕದಲ್ಲಿ ಶಿಸ್ತಿನ ವಿಧಾನವಾಗಿ ಬೆಳೆಸಿದರು. ಮೂವರಿಗೂ 1956ರಲ್ಲಿ ನೊಬೆಲ್ ಬಂತು. ಜೀವಂತ ಮನುಷ್ಯನ ಶ್ವಾಸಕೋಶದ ಒತ್ತಡ ಅಳೆಯಲು ದಾರಿಯಾದದ್ದು ಹೀಗೆ. 1951ರಲ್ಲಿ ಡೇವಿಡ್ ಡ್ರೆಸ್ಡೇಲ್, ಬೇರೆ ಕಾರಣ ಸಿಗದ ಇಂಥ ಒತ್ತಡಕ್ಕೆ 'ಪ್ರಾಥಮಿಕ' ಎಂಬ ವಿಶೇಷಣ ಕೊಟ್ಟ. ಕಾರಣ ಗೊತ್ತಿಲ್ಲ ಎಂಬುದನ್ನು ವೈದ್ಯರು ಹೀಗೆ ಗೌರವದಿಂದ ಹೇಳುವುದುಂಟು.

1958ರಲ್ಲಿ ಡೊನಾಲ್ಡ್ ಹೀತ್ ಮತ್ತು ಜೆಸ್ಸಿ ಎಡ್ವರ್ಡ್ಸ್ ಎಂಬ ಇಬ್ಬರು, ಹುಟ್ಟಿನಿಂದ ಹೃದಯದೋಷವಿದ್ದವರ ಶ್ವಾಸಕೋಶದ ತೆಳು ಚೂರುಗಳನ್ನು ನೋಡಿ, ನಾಳಗಳು ಹಾಳಾಗುವ ಬಗೆಯನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದರು. ಒಂದನೆಯದರಲ್ಲಿ ನಾಳದ ಸ್ನಾಯು ದಪ್ಪವಾಗುತ್ತದೆ. ಎರಡು, ಮೂರರಲ್ಲಿ ಒಳಪದರ ಬೆಳೆದು ದಾರಿ ಮುಚ್ಚುತ್ತ ಬರುತ್ತದೆ. ನಾಲ್ಕು, ಐದರಲ್ಲಿ ನಾಳ ಅಲ್ಲಲ್ಲಿ ಹಿಗ್ಗಿ, ಸಿಕ್ಕುಸಿಕ್ಕಾದ ಗಂಟುಗಳು ಹುಟ್ಟುತ್ತವೆ. ಕಟ್ಟಕಡೆಯ ಆರನೆಯದರಲ್ಲಿ ನಾಳದ ಗೋಡೆ ಕೊಳೆತು ಉರಿಯೂತ ಕಾಣಿಸಿಕೊಳ್ಳುತ್ತದೆ, ಎಂದರೆ ಬಿಳಿ ರಕ್ತಕಣಗಳು ಅಲ್ಲಿ ಮುತ್ತಿರುತ್ತವೆ.

ಈ ಏಣಿ ಬಹಳ ಉಪಯೋಗಕ್ಕೆ ಬಂತು. ಶಸ್ತ್ರಚಿಕಿತ್ಸೆ ಯಾರಿಗೆ ಮಾಡಬಹುದು, ಯಾರಿಗೆ ಕಾಲ ಮಿಂಚಿದೆ ಎಂದು ಅಂದಾಜಿಸಲು ದಶಕಗಳ ಕಾಲ ಅದನ್ನೇ ನೆಚ್ಚಿದರು. ಆದರೆ ಏಣಿಗೊಂದು ಸ್ವಭಾವವಿದೆ. ಮೇಲಿನ ಮೆಟ್ಟಿಲಿಗೆ ಕೆಳಗಿನದೇ ಕಾರಣ ಎಂಬ ಭಾವನೆಯನ್ನು ಅದು ನೋಡುವವರಲ್ಲಿ ಹುಟ್ಟಿಸುತ್ತದೆ. ಒತ್ತಡ ಮೊದಲು, ಹಾನಿ ನಂತರ, ಬಿಳಿ ಕಣಗಳು ಕೊನೆಗೆ. ಮನೆ ಸುಟ್ಟ ಮೇಲೆ ನೋಡಲು ಬಂದ ನೆರೆಯವರಂತೆ ಅವು ಲೆಕ್ಕದ ಅಂಚಿನಲ್ಲಿ ನಿಂತವು.

*

ಬಿಳಿ ಕಣಗಳಿಗೂ ನಾಳದ ಗೋಡೆಗೂ ಇರುವ ನಂಟು ಅದಾಗಲೇ ಹಳೆಯ ಸಂಗತಿ. 1867ರಲ್ಲಿ ಜೂಲಿಯಸ್ ಕೋನ್‌ಹೈಮ್ ಕಪ್ಪೆಯ ಕರುಳ ಪೊರೆಯನ್ನು ಸೂಕ್ಷ್ಮದರ್ಶಕದಡಿ ಹರಡಿ, ಬಿಳಿ ಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಂಡು, ಗೋಡೆಯ ಸಂದಿನಲ್ಲಿ ತೂರಿ ಹೊರಬರುವುದನ್ನು ತೋರಿಸಿದ್ದ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಎಲೀ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಮರುದಿನ ಅದರ ಸುತ್ತ ಕಣಗಳು ಮುತ್ತಿದ್ದನ್ನು ಕಂಡಿದ್ದ. ಬಿಳಿ ಕಣಗಳು ನಮ್ಮ ಕಾವಲುಗಾರರು ಎಂಬ ಮಾತು ಶಾಲೆಯ ಪಾಠಕ್ಕೆ ಬಂದದ್ದು ಆ ದಾರಿಯಿಂದಲೇ. ಕಾವಲುಗಾರನೇ ಮನೆಗೆ ಕಿಚ್ಚಿಟ್ಟಾನು ಎಂಬ ಯೋಚನೆಗೆ ಆ ಪಾಠದಲ್ಲಿ ಜಾಗವಿರಲಿಲ್ಲ.

ಬರ್ನ್‌ನಲ್ಲಿ ರೋಗಿಗಳು ಹೆಚ್ಚುತ್ತಿದ್ದ ಕಾಲದಲ್ಲೇ, 1967ರಲ್ಲಿ, ಇಂಗ್ಲೆಂಡಿನಲ್ಲಿ ಕೇ, ಹ್ಯಾರಿಸ್ ಮತ್ತು ಏಣಿ ಕಟ್ಟಿದ ಅದೇ ಹೀತ್ ಒಂದು ಪ್ರಯೋಗ ಪ್ರಕಟಿಸಿದರು. ಕ್ರೊಟಲೇರಿಯಾ ಸ್ಪೆಕ್ಟಬಿಲಿಸ್ ಎಂಬ ಗಿಡದ ಬೀಜವನ್ನು ಇಲಿಗಳಿಗೆ ತಿನ್ನಿಸಿದಾಗ ಅವಕ್ಕೆ ಶ್ವಾಸಕೋಶದ ರಕ್ತದೊತ್ತಡ ಏರಿತು. ಈ ಗಿಡ ನಮಗೆ ಅಷ್ಟೇನೂ ದೂರದ್ದಲ್ಲ. ಇದರ ಮೂಲ ಭಾರತ ಮತ್ತು ಆಗ್ನೇಯ ಏಷ್ಯಾ. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬು ಇದೇ ಕುಲಕ್ಕೆ ಸೇರಿದ ಇನ್ನೊಂದು ಜಾತಿ. ಒಣಗಿದ ಕಾಯಿ ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಿಗಿಲಿ ಎನ್ನುತ್ತದೆ. ಕುಲದ ಹೆಸರು ಬಂದದ್ದೂ ಗಿಲಕಿಯನ್ನು ಸೂಚಿಸುವ ಗ್ರೀಕ್ ಪದದಿಂದ. ಸ್ಪೆಕ್ಟಬಿಲಿಸ್ ಜಾತಿಯ ಬೀಜದಲ್ಲಿ ಮೊನೊಕ್ರೊಟಲಿನ್ ಎಂಬ ವಿಷವಿದೆ. ಯಕೃತ್ತು ಅದನ್ನು ಇನ್ನಷ್ಟು ಉಗ್ರ ರೂಪಕ್ಕೆ ಬದಲಿಸುತ್ತದೆ. ಅದು ರಕ್ತದಲ್ಲಿ ಶ್ವಾಸಕೋಶಕ್ಕೆ ಹೋಗಿ ಕಿರುನಾಳಗಳ ಒಳಪದರವನ್ನು ಗಾಯಗೊಳಿಸುತ್ತದೆ.

ಈ ಇಲಿಗಳು ಮುಂದೆ ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಗೆ ಬಂದವು. ಒಂದೇ ಒಂದು ಚುಚ್ಚುಮದ್ದು ಮೊನೊಕ್ರೊಟಲಿನ್ ಕೊಟ್ಟರೆ ಮೂರು ನಾಲ್ಕು ವಾರಗಳಲ್ಲಿ ಇಲಿಗೆ ರೋಗ ಬರುತ್ತದೆ. ದಿನ ದಿನದ ಬದಲಾವಣೆ ನೋಡಿದಾಗ ಏಣಿಯ ಲೆಕ್ಕ ತಪ್ಪತೊಡಗಿತು. ಒತ್ತಡ ಏರುವುದಕ್ಕೆ ಮೊದಲೇ, ಕೆಲವೇ ದಿನಗಳಲ್ಲಿ, ಕಿರುನಾಳಗಳ ಸುತ್ತ ಮ್ಯಾಕ್ರೋಫೇಜುಗಳೆಂಬ ದೊಡ್ಡ ಬಿಳಿ ಕಣಗಳು ಬಂದು ಸೇರುತ್ತಿದ್ದವು. ಮನೆ ಸುಡುವ ಮೊದಲೇ ನೆರೆಯವರು ಅಲ್ಲಿದ್ದರು!

ಆದರೂ ಅಮಿನೊರೆಕ್ಸ್ ವಿಷಯದಲ್ಲಿ ಈ ಎಳೆ ಮುಂದುವರಿಯಲಿಲ್ಲ. ಅದಕ್ಕೊಂದು ಕಾರಣವಿತ್ತು. ಕೇ, ಸ್ಮಿತ್ ಮತ್ತು ಹೀತ್ 1971ರಲ್ಲಿ ಇಲಿಗಳಿಗೆ ಅಮಿನೊರೆಕ್ಸನ್ನೇ ಕೊಟ್ಟು ನೋಡಿದರು. ಇಲಿಗಳಿಗೆ ಏನೂ ಆಗಲಿಲ್ಲ. ಮನುಷ್ಯರನ್ನು ಕೊಂದ ಔಷಧ ಇಲಿಗಳನ್ನು ಮುಟ್ಟದೆ ಬಿಟ್ಟಿತ್ತು. ಮಾತ್ರೆಯೇ ಅಪರಾಧಿ ಎಂಬುದಕ್ಕೆ ಅಂಕಿಸಂಖ್ಯೆ ಸಾಕ್ಷಿ ಹೇಳುತ್ತಿತ್ತು, ಪ್ರಯೋಗಶಾಲೆ ಹೇಳುತ್ತಿರಲಿಲ್ಲ. 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ರೋಗದ ಬಗ್ಗೆಯೇ ಜಿನೀವಾದಲ್ಲಿ ಸಭೆ ಸೇರಿಸಿತು. ಅಷ್ಟರಲ್ಲಿ ಮಾತ್ರೆ ಮರೆಯಾಗಿತ್ತು, ಹೊಸ ರೋಗಿಗಳು ಕಡಿಮೆಯಾಗಿದ್ದರು. ಕ್ರಮೇಣ ಜನ ಅದನ್ನು ಮರೆತರು.

*

1981ರ ಮೇ ತಿಂಗಳಲ್ಲಿ ಸ್ಪೇನಿನ ಮ್ಯಾಡ್ರಿಡ್ ಸುತ್ತಮುತ್ತ ವಿಚಿತ್ರ ಕಾಯಿಲೆಯೊಂದು ಹಬ್ಬಿತು. ಮೊದಲು ನ್ಯುಮೋನಿಯಾ ಎಂದುಕೊಂಡರು. ಆಮೇಲೆ ಕಂಡುಬಂದದ್ದು ಅಡುಗೆ ಎಣ್ಣೆ. ಕಾರ್ಖಾನೆಗಳ ಬಳಕೆಗೆಂದು ಅನಿಲಿನ್ ಬೆರೆಸಿದ್ದ, ಸಾಸಿವೆಯ ಬಳಗಕ್ಕೆ ಸೇರಿದ ರೇಪ್‌ಸೀಡ್ ಎಣ್ಣೆಯನ್ನು ಶುದ್ಧ ಮಾಡಿದಂತೆ ತೋರಿಸಿ, ಆಲಿವ್ ಎಣ್ಣೆಯೆಂದು ಬೀದಿಬೀದಿಯಲ್ಲಿ ಅಗ್ಗಕ್ಕೆ ಮಾರಿದ್ದರು. ಕೊಂಡವರು ಹೆಚ್ಚಾಗಿ ಬಡವರು. ಸುಮಾರು 20,000 ಜನ ಕಾಯಿಲೆ ಬಿದ್ದರು, ಮುನ್ನೂರಕ್ಕೂ ಹೆಚ್ಚು ಜನ ಸತ್ತರು.

ಈ ರೋಗಿಗಳ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ಕಣಗಳು ವಿಪರೀತ ಹೆಚ್ಚಿದ್ದವು. ನಮ್ಮ ಮನೆಗಳಲ್ಲಿ 'ಇಸ್ನೋಫಿಲಿಯಾ' ಎಂದು ಕೆಮ್ಮು ದಮ್ಮುಗಳ ಜೊತೆ ಹೆಸರಿಸುವುದು ಇವು ಹೆಚ್ಚಾಗುವುದನ್ನೇ. ನಾಳಗಳ ಒಳಪದರ ಗಾಯಗೊಂಡು, ಗೋಡೆಯಲ್ಲಿ ಬಿಳಿ ಕಣಗಳು ತುಂಬಿದ್ದವು. ಬದುಕುಳಿದ ಕೆಲವರಿಗೆ ಮುಂದಿನ ತಿಂಗಳುಗಳಲ್ಲಿ ಶ್ವಾಸಕೋಶದ ರಕ್ತದೊತ್ತಡ ಏರಿತು. ಒಂದು ವಿಷ ಬಿಳಿ ಕಣಗಳನ್ನು ಕೆರಳಿಸಿ, ಜೊತೆಯಲ್ಲೇ ಶ್ವಾಸಕೋಶದ ನಾಳಗಳನ್ನೂ ಕೆಡಿಸಬಲ್ಲದು ಎಂಬುದು ಮನುಷ್ಯರಲ್ಲೇ ಕಣ್ಣಿಗೆ ಕಟ್ಟುವಂತೆ ಕಂಡಿತು.

ಅದೇ ವರ್ಷ ಬ್ರಿಟನ್ನಿನಿಂದ ಒಂದು ಚಿಕ್ಕ ವರದಿ ಬಂತು. ಫೆನ್‌ಫ್ಲುರಮಿನ್ ಎಂಬ ತೂಕ ಇಳಿಸುವ ಔಷಧ ತೆಗೆದುಕೊಳ್ಳುತ್ತಿದ್ದ ಇಬ್ಬರು ಹೆಂಗಸರಿಗೆ ಶ್ವಾಸಕೋಶದ ರಕ್ತದೊತ್ತಡ ಬಂದಿತ್ತು. ಇಬ್ಬರೇ ಅಲ್ಲವೇ, ಯಾರೂ ಬೆದರಲಿಲ್ಲ. 1992ರಲ್ಲಿ ಅಮೆರಿಕದ ಮೈಕೆಲ್ ವೈನ್‌ಟ್ರಾಬ್ ಫೆನ್‌ಫ್ಲುರಮಿನ್ ಜೊತೆ ಫೆಂಟರ್ಮಿನ್ ಸೇರಿಸಿ 121 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾದದ್ದೇ ತಡ, 'ಫೆನ್-ಫೆನ್' ಎಂಬ ಜೋಡಿ ಅಲ್ಲಿ ಮನೆಮಾತಾಯಿತು. ಮರುವರ್ಷ ಪ್ಯಾರಿಸಿನ ಬಳಿಯ ಕ್ಲಮಾರ್ ಆಸ್ಪತ್ರೆಯ ವೈದ್ಯರು ಫೆನ್‌ಫ್ಲುರಮಿನ್ ಸೇವಿಸಿ ರೋಗಕ್ಕೆ ಬಿದ್ದ 15 ಜನರ ಬಗ್ಗೆ ಬರೆದರು. 1996ರ ಏಪ್ರಿಲಿನಲ್ಲಿ ಅಮೆರಿಕ ಇದೇ ಔಷಧದ ತಮ್ಮನಾದ ಡೆಕ್ಸ್‌ಫೆನ್‌ಫ್ಲುರಮಿನ್‌ಗೆ ಒಪ್ಪಿಗೆ ಕೊಟ್ಟಿತು. ಆಗಸ್ಟಿನಲ್ಲಿ ಯುರೋಪಿನ ದೊಡ್ಡ ಅಧ್ಯಯನವೊಂದು ಹೊರಬಂತು: ಇಂಥ ಮಾತ್ರೆಗಳನ್ನು ಮೂರು ತಿಂಗಳಿಗೂ ಹೆಚ್ಚು ಕಾಲ ನುಂಗಿದವರಲ್ಲಿ ಅಪಾಯ ಸುಮಾರು 23 ಪಟ್ಟು. ಹೃದಯದ ಕವಾಟಗಳೂ ಕೆಡುತ್ತಿವೆ ಎಂದು ಮರುವರ್ಷ ಗೊತ್ತಾದ ಮೇಲೆ, 1997ರ ಸೆಪ್ಟೆಂಬರ್ 15ರಂದು ಎರಡೂ ಔಷಧಗಳು ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದವು. ಬರ್ನ್‌ನ ಪಾಠ ಮೂವತ್ತು ವರ್ಷಗಳೊಳಗೆ ಮರೆತುಹೋಗಿ, ಮತ್ತೆ ಜನರ ಜೀವ ತೆತ್ತು ಕಲಿಯಬೇಕಾಯಿತು.

*

ಈ ಸಲ ವಿಜ್ಞಾನಿಗಳ ಕೈಯಲ್ಲಿ ಒಂದು ಸುಳಿವಿತ್ತು. ಅಮಿನೊರೆಕ್ಸ್, ಫೆನ್‌ಫ್ಲುರಮಿನ್ ಎರಡೂ ಸೆರೊಟೊನಿನ್ ಎಂಬ ರಾಸಾಯನಿಕದ ಲೆಕ್ಕಾಚಾರವನ್ನು ಏರುಪೇರು ಮಾಡುತ್ತವೆ. ಮಿದುಳಿನಲ್ಲಿ ಇದು ಹಸಿವನ್ನು ತಗ್ಗಿಸುತ್ತದೆ. ರಕ್ತದಲ್ಲಿ ಪ್ಲೇಟ್‌ಲೆಟ್ಟುಗಳ ಚೀಲದೊಳಗೆ ಇರುತ್ತದೆ. ಅಲ್ಲಿಂದ ಹೊರಚೆಲ್ಲಿದರೆ ನಾಳಗಳನ್ನು ಬಿಗಿಯುತ್ತದೆ, ಗೋಡೆಯ ಸ್ನಾಯುವನ್ನು ಬೆಳೆಸುತ್ತದೆ. ಅಲ್ಲಿಗೆ ವಿವರಣೆ ಸಿಕ್ಕಂತಾಯಿತು: ಔಷಧ, ಸೆರೊಟೊನಿನ್, ಸ್ನಾಯು. ಬಿಳಿ ಕಣಗಳಿಗೆ ಈ ಮೂರರ ನಡುವೆ ಜಾಗವಿರಲಿಲ್ಲ.

ಆದರೆ 1994ರಲ್ಲಿ ಅಮೆರಿಕದ ಡೆನ್ವರಿನಲ್ಲಿ ರೂಬಿನ್ ಟ್ಯೂಡರ್ ಮತ್ತು ಸಂಗಡಿಗರು ರೋಗಿಗಳ ಶ್ವಾಸಕೋಶದ ಚೂರುಗಳಿಗೆ ಹೊಸ ಬಣ್ಣಗಳನ್ನು ಹಾಕಿ ನೋಡಿದರು. ಯಾವ ಕಣ ಯಾವ ಜಾತಿಯದೆಂದು ಗುರುತಿಸಬಲ್ಲ ಬಣ್ಣಗಳು ಆ ಹೊತ್ತಿಗೆ ಬಂದಿದ್ದವು. ಸಿಕ್ಕುಸಿಕ್ಕಾದ ಆ ಗಂಟುಗಳ ಸುತ್ತ ಟಿ ಲಿಂಫೋಸೈಟುಗಳು, ಬಿ ಲಿಂಫೋಸೈಟುಗಳು, ಮ್ಯಾಕ್ರೋಫೇಜುಗಳು ಇದ್ದವು. ನಾಲ್ಕನೆಯ ಮೆಟ್ಟಿಲಿನಲ್ಲೇ ಅವು ನೆಲೆಯೂರಿದ್ದವು. ಮರುವರ್ಷ ಕ್ಲಮಾರಿನ ಮಾರ್ಕ್ ಹಂಬರ್ಟ್ ಮತ್ತು ಸಂಗಡಿಗರು, ಬಿಳಿ ಕಣಗಳು ಒಂದಕ್ಕೊಂದು ಕಳಿಸುವ ಸಂದೇಶಗಳಾದ ಇಂಟರ್‌ಲ್ಯೂಕಿನ್-1 ಮತ್ತು 6 ಇಂಥ ರೋಗಿಗಳ ರಕ್ತದಲ್ಲಿ ಏರಿರುವುದನ್ನು ತೋರಿಸಿದರು.

ಜೊತೆಯಲ್ಲಿರುವುದು ಬೇರೆ, ಕಾರಣವಾಗುವುದು ಬೇರೆ. ಆ ಪ್ರಶ್ನೆಗೆ ಉತ್ತರ ಮತ್ತೆ ಇಲಿಗಳಿಂದ ಬರಬೇಕಾಯಿತು. ಎಸ್‌ಯು5416 ಎಂಬುದು ಕ್ಯಾನ್ಸರಿಗೆಂದು ತಯಾರಾದ ಔಷಧ. ನಾಳದ ಒಳಪದರದ ಕಣಗಳನ್ನು ಬದುಕಿಸಿಡುವ ಸಂಕೇತವೊಂದನ್ನು ತಡೆಯುತ್ತದೆ. ಅದನ್ನು ಟಿ ಕಣಗಳೇ ಇಲ್ಲದಂತೆ ಹುಟ್ಟಿದ ಇಲಿಗಳಿಗೆ ಕೊಟ್ಟರೆ ನಾಳಗಳ ಸುತ್ತ ಮ್ಯಾಕ್ರೋಫೇಜುಗಳೂ ಬಿ ಕಣಗಳೂ ಮುತ್ತಿ ಒತ್ತಡ ಏರುತ್ತಿತ್ತು. 2011ರಲ್ಲಿ ತಮೋಸಿಯುನಿಯೆನೆ ಮತ್ತು ನಿಕೋಲ್ಸ್ ಅವರ ತಂಡ, ಆ ಇಲಿಗಳಿಗೆ ಔಷಧಕ್ಕೆ ಮೊದಲೇ 'ನಿಯಂತ್ರಕ ಟಿ ಕಣ'ಗಳನ್ನು ಕೊಟ್ಟು ನೋಡಿತು. ಅವು ಇತರ ಬಿಳಿ ಕಣಗಳ ಸಿಟ್ಟನ್ನು ಇಳಿಸುವ ಕಣಗಳು. ಅವನ್ನು ಪಡೆದ ಇಲಿಗಳಿಗೆ ರೋಗ ಬರಲಿಲ್ಲ. ಅಂದರೆ ಬಿಳಿ ಕಣಗಳಲ್ಲಿ ಕಿಚ್ಚು ಹಚ್ಚುವವರೂ ಇದ್ದಾರೆ, ಆರಿಸುವವರೂ ಇದ್ದಾರೆ. ಆರಿಸುವವರು ಇಲ್ಲವಾದಾಗ ಸಣ್ಣ ಗಾಯವೂ ದೊಡ್ಡ ಬೆಂಕಿಯಾಗುತ್ತದೆ. ನೂರರಲ್ಲಿ ಇಬ್ಬರಿಗೇ ಏಕೆ ಎಂಬ ಪ್ರಶ್ನೆಗೆ ಇಲ್ಲೊಂದು ಉತ್ತರದ ಎಳೆ ಇದೆ. ಔಷಧ ಎಲ್ಲರ ನಾಳವನ್ನೂ ತುಸು ಗೀರಿರಬಹುದು. ಕೆಲವರ ದೇಹದಲ್ಲಿ ಮಾತ್ರ ಆ ಗೀರಿನ ಸುತ್ತ ಜಗಳ ನಿಲ್ಲದೆ ಹೋಗಿರಬಹುದು. ಇದು ಊಹೆ, ಆದರೆ ಪ್ರಯೋಗದ ಬಲವಿರುವ ಊಹೆ.

ಮರುವರ್ಷ ಫ್ರಾನ್ಸಿನಿಂದ ಬಂದ ಪ್ರಯೋಗವೊಂದು ಸೆರೊಟೊನಿನ್ನಿನ ಕತೆಯನ್ನೂ ಬಿಳಿ ಕಣಗಳ ಕತೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. ಫೆನ್‌ಫ್ಲುರಮಿನ್ ದೇಹದೊಳಗೆ ನಾರ್‌ಫೆನ್‌ಫ್ಲುರಮಿನ್ ಆಗಿ ಬದಲಾಗುತ್ತದೆ. ಅದು ಸೆರೊಟೊನಿನ್ನಿನ '2ಬಿ' ಎಂಬ ಗ್ರಾಹಕದ ಮೇಲೆ ಬಲವಾಗಿ ಕೆಲಸ ಮಾಡುತ್ತದೆಂದು ಮೊದಲೇ ತಿಳಿದಿತ್ತು. ಈ ಗ್ರಾಹಕವಿಲ್ಲದ ಸುಂಡಿಲಿಗಳಿಗೆ ಶ್ವಾಸಕೋಶದ ಒತ್ತಡ ಏರುವುದಿಲ್ಲ ಎಂಬುದೂ ತಿಳಿದಿತ್ತು. ಹಾಗಾದರೆ ಗ್ರಾಹಕ ಇರಬೇಕಾದದ್ದು ಎಲ್ಲಿ, ನಾಳದ ಗೋಡೆಯಲ್ಲೋ? ಲೋನೆ ಮತ್ತು ಸಂಗಡಿಗರು ಸುಂಡಿಲಿಗಳ ಮೂಳೆಮಜ್ಜೆಯನ್ನು ಅದಲುಬದಲು ಮಾಡಿದರು. ಮಜ್ಜೆಯಲ್ಲಿ ಹುಟ್ಟುವ ಕಣಗಳಲ್ಲಿ ಗ್ರಾಹಕವಿದ್ದರೆ ರೋಗ ಬಂತು. ಉಳಿದ ಮೈಯಲ್ಲೆಲ್ಲ ಇದ್ದು ಮಜ್ಜೆಯಲ್ಲಿ ಇಲ್ಲದಿದ್ದರೆ ರೋಗ ಬರಲಿಲ್ಲ. ಆ ಸುಂಡಿಲಿಗಳಲ್ಲಿ ರೋಗ ತರಲು ಬಳಸಿದ್ದು ಆಮ್ಲಜನಕದ ಕೊರತೆ ಮತ್ತು ಅದೇ ಹಳೆಯ ಮೊನೊಕ್ರೊಟಲಿನ್; ಫೆನ್‌ಫ್ಲುರಮಿನ್ ಅಲ್ಲ. ಆದರೂ ದಾರಿ ಎತ್ತ ಹೋಗುತ್ತಿದೆ ಎಂದು ಕಾಣುತ್ತಿತ್ತು. ಬಿಳಿ ಕಣಗಳ ತವರು ಮೂಳೆಮಜ್ಜೆ.

ಆ 2012ರಲ್ಲೇ ಫ್ರಾನ್ಸಿನ ವೈದ್ಯರು ಇನ್ನೊಂದು ಎಚ್ಚರಿಕೆ ಕೊಟ್ಟರು. ಡಸಾಟಿನಿಬ್ ಎಂಬ ಔಷಧ ಪಡೆಯುತ್ತಿದ್ದ ಒಂಬತ್ತು ರೋಗಿಗಳಿಗೆ ಶ್ವಾಸಕೋಶದ ರಕ್ತದೊತ್ತಡ ಬಂದಿತ್ತು. ಡಸಾಟಿನಿಬ್ ಇರುವುದು ಬಿಳಿ ರಕ್ತಕಣಗಳ ಕ್ಯಾನ್ಸರಿಗೆ. ಮಿತಿಮೀರಿ ಬೆಳೆದ ಬಿಳಿ ಕಣಗಳಿಂದ ಜೀವ ಉಳಿಸುವ ಮದ್ದು, ನಾಳದ ಒಳಪದರವನ್ನು ಗಾಯಗೊಳಿಸುತ್ತಿತ್ತು. ಮದ್ದು ನಿಲ್ಲಿಸಿದಾಗ ಹೆಚ್ಚಿನವರು ಸುಧಾರಿಸಿದರು, ಪೂರ್ತಿ ಮೊದಲಿನಂತಾದವರು ಕಡಿಮೆ. ಬಿಳಿ ಕಣಗಳನ್ನು ಸುಮ್ಮನೆ ಹತ್ತಿಕ್ಕಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುವವರಿಗೆ ಇದೊಂದು ಪಾಠ.

ಇನ್ನೂ ಒಂದು ಪಾಠವಿದೆ. ಮೊನೊಕ್ರೊಟಲಿನ್ ಇಲಿಗಳಲ್ಲಿ ಸ್ಟಿರಾಯ್ಡ್ ಕೊಟ್ಟು ರೋಗವನ್ನು ಹಿಮ್ಮೆಟ್ಟಿಸಿದ್ದಾರೆ. ಲೂಪಸ್‌ನಂಥ ಕಾಯಿಲೆಯ ಜೊತೆ ಬರುವ ಶ್ವಾಸಕೋಶದ ಒತ್ತಡ ಕೆಲವರಲ್ಲಿ ಅಂಥ ಮದ್ದಿಗೆ ಬಗ್ಗುತ್ತದೆ. ಆದರೆ ಇಂಟರ್‌ಲ್ಯೂಕಿನ್-6ರ ದಾರಿ ತಡೆಯುವ ಟೊಸಿಲಿಜುಮ್ಯಾಬ್ ಅನ್ನು ರೋಗಿಗಳ ಮೇಲೆ ಪರೀಕ್ಷಿಸಿದಾಗ ಭರವಸೆ ಈಡೇರಲಿಲ್ಲ. ಬೆಂಕಿ ಹತ್ತಿದ ಮೊದಲ ವಾರದಲ್ಲಿ ಇಲಿಗೆ ಮದ್ದು ಕೊಡಬಹುದು. ಮನುಷ್ಯ ಆಸ್ಪತ್ರೆಗೆ ಬರುವಷ್ಟರಲ್ಲಿ ಗೋಡೆ ಬೂದಿಯಾಗಿ, ಕಲ್ಲಾಗಿ ವರ್ಷಗಳಾಗಿರುತ್ತವೆ. ಹೀಗಾಗಿ ಈ ವಿಜ್ಞಾನ ಸದ್ಯಕ್ಕೆ ಹೇಳುವ ಅತ್ಯಂತ ಖಚಿತ ಮಾತು ಹಳೆಯದೇ: ಬೆಂಕಿ ಹತ್ತದಂತೆ ನೋಡಿಕೊಳ್ಳಬೇಕು.

*

ಆ ಕೆಲಸದಲ್ಲಿ ನಾವೆಷ್ಟು ಜಾಣರು? ಫೆನ್‌ಫ್ಲುರಮಿನ್ 1997ರಲ್ಲಿ ನಿಂತರೂ, ದೇಹದೊಳಗೆ ಅದೇ ನಾರ್‌ಫೆನ್‌ಫ್ಲುರಮಿನ್ ಆಗಿ ಬದಲಾಗುವ ಬೆನ್‌ಫ್ಲುವೊರೆಕ್ಸ್ ಎಂಬ ಔಷಧ 'ಮೀಡಿಯೇಟರ್' ಎಂಬ ಹೆಸರಿನಲ್ಲಿ ಫ್ರಾನ್ಸಿನಲ್ಲಿ 1976ರಿಂದ 2009ರವರೆಗೆ ಮಾರಾಟವಾಯಿತು. ತೂಕ ಹೆಚ್ಚಿರುವ ಸಕ್ಕರೆ ಕಾಯಿಲೆಯವರಿಗೆಂದು ಅದರ ಗುರುತಿನ ಚೀಟಿ. ಸುಮ್ಮನೆ ತೂಕ ಇಳಿಸಲು ನುಂಗಿದವರೂ ಬಹಳ. ಬ್ರೆಸ್ಟ್ ನಗರದ ಶ್ವಾಸಕೋಶ ತಜ್ಞೆ ಇರೇನ್ ಫ್ರಾಶೋನ್ ತನ್ನ ರೋಗಿಗಳ ಹಳೆಯ ಕಡತಗಳನ್ನು ಜೋಡಿಸುತ್ತ ಹೋಗಿ ಎರಡು ಹೆಸರುಗಳ ನಡುವಿನ ನಂಟನ್ನು ಬಯಲಿಗೆಳೆದರು; 2010ರಲ್ಲಿ ಪುಸ್ತಕವನ್ನೇ ಬರೆದರು. 2021ರ ಮಾರ್ಚಿನಲ್ಲಿ ಪ್ಯಾರಿಸಿನ ನ್ಯಾಯಾಲಯ ತಯಾರಕರಾದ ಸರ್ವಿಯೇ ಕಂಪನಿಯನ್ನು ತಪ್ಪಿತಸ್ಥರೆಂದು ಹೇಳಿತು.

ಕತೆ ಅಲ್ಲಿಗೂ ಮುಗಿಯುವುದಿಲ್ಲ. 2020ರ ಜೂನಿನಲ್ಲಿ ಫೆನ್‌ಫ್ಲುರಮಿನ್ ಅಮೆರಿಕದಲ್ಲಿ ಮತ್ತೆ ಒಪ್ಪಿಗೆ ಪಡೆಯಿತು. ಈ ಸಲ ಡ್ರಾವೆ ಎಂಬ ಅಪರೂಪದ, ಮಕ್ಕಳನ್ನು ಹಿಂಡುವ ಮೂರ್ಛೆರೋಗಕ್ಕೆ. ಪ್ರಮಾಣ ಕಡಿಮೆ. ಶುರು ಮಾಡುವ ಮೊದಲು ಮತ್ತು ಆಮೇಲೆ ಆರು ತಿಂಗಳಿಗೊಮ್ಮೆ ಹೃದಯದ ಎಕೋ ಪರೀಕ್ಷೆ ಮಾಡಿಸಲೇಬೇಕು. ಬೇರೆ ಯಾವ ಮದ್ದಿಗೂ ಬಗ್ಗದ ಫಿಟ್ಸ್ ಈ ಮಕ್ಕಳಲ್ಲಿ ಗಣನೀಯವಾಗಿ ಕಡಿಮೆಯಾಗುತ್ತದೆ. ಆ ಎಕೋ ಪರೀಕ್ಷೆಯ ಕಟ್ಟಳೆಯ ಹಿಂದೆ ಬರ್ನ್‌ನ ಹೆಂಗಸರಿದ್ದಾರೆ, ಕ್ಲಮಾರಿನ ಹದಿನೈದು ಮಂದಿ ಇದ್ದಾರೆ, ಹೆಸರು ದಾಖಲಾಗದ ಇನ್ನೆಷ್ಟೋ ಜನರಿದ್ದಾರೆ.

ದಢಾರ, ಸಿಡುಬುಗಳನ್ನು ಒಮ್ಮೆ ಕಂಡ ಬಿಳಿ ರಕ್ತಕಣಗಳು ಅವನ್ನು ಜೀವನಪೂರ್ತಿ ನೆನಪಿಡುತ್ತವೆ. ಅಷ್ಟು ನೆನಪಿರುವ ಕಣಗಳನ್ನು ಮೈಯಲ್ಲಿ ಹೊತ್ತ ನಾವು, ಒಂದೇ ಜಾತಿಯ ಮಾತ್ರೆಯನ್ನು ಹೆಸರು ಬದಲಿಸಿ ಮಾರಿದರೆ ಗುರುತಿಸಲು ಹತ್ತಾರು ವರ್ಷ ತೆಗೆದುಕೊಂಡೆವು. ಇವತ್ತಿಗೂ ಬೇಗ ತೂಕ ಇಳಿಸುವ ಪುಡಿ, ಮಾತ್ರೆಗಳ ಜಾಹೀರಾತು ನಮ್ಮ ಮೊಬೈಲಿಗೆ ದಿನಾ ಬರುತ್ತದೆ. ಅದರ ಮೇಲೆ ಬೆರಳಿಡುವ ಮೊದಲು, ಒಳಗೇನಿದೆ ಎಂದು ಬಲ್ಲ ಡಾಕ್ಟರೊಬ್ಬರನ್ನು ಕೇಳುವುದಕ್ಕೆ ಐದು ನಿಮಿಷ ಸಾಕು. ಮೆಟ್ಟಿಲು ಹತ್ತುವಾಗ ಉಸಿರು ಮೊದಲಿಗಿಂತ ಬೇಗ ಸೋಲುತ್ತಿದ್ದರೆ, ವಯಸ್ಸಾಯಿತು, ಮೈ ಬಂತು ಎಂದು ಸುಮ್ಮನಾಗದೆ, ಏನೇನು ನುಂಗಿದ್ದೇವೆ ಎಂಬುದನ್ನೂ ಅವರಿಗೆ ಹೇಳಬೇಕು. ಬರ್ನ್‌ನಲ್ಲಿ ರೋಗದ ಮೂಲ ಸಿಕ್ಕಿದ್ದು ಆ ಒಂದು ಪ್ರಶ್ನೆಯಿಂದ.